ಬೇಸಿಗೆಯ ಬಿಡುವಿನಲ್ಲಿ ಬೆಂಗಳೂರು ನೋಡೋಣ



ಯುಗಾದಿ ಕಳೆಯಿತು. ರಾಗಿ ಮನೆ ಸೇರಿ, ಹುಲ್ಲು ಬಣವೆಯಾಗಿ ಬಹಳ ದಿನಗಳಾದವು. ಏಪ್ರಿಲ್ ತಿಂಗಳಲ್ಲಿ ಮುಚ್ಚಿದ ಶಾಲೆಗಳು ಮೇ ತಿಂಗಳ ಕೊನೆಯವರೆಗೆ ತೆರೆಯುವುದಿಲ್ಲ. ಭರಣಿ ಮಳೆಯೋ ಕೃತ್ತಿಕೆ ಮಳೆಯೋ ಬಿದ್ದು ಹೊಲ ಹದವಾಗುವವರೆಗೆ ಮನೆಯ ಯಜಮಾನರಿಗೆ ಸ್ವಲ್ಪ ಬಿಡುವು. ಯಜಮಾನತಿಗೆ ಮಾತ್ರ ಈ ಬಿಡುವಿನ ಕಾಲದಲ್ಲಿಯೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಹುಣಸೆಹಣ್ಣು, ಒಣಮೆಣಸಿನಕಾಯಿಗಳ ಕೆಲಸ; ಜೊತೆಗೆ ದಿನವಿಡೀ ಮನೆಯಲ್ಲಿರುವ ಮಕ್ಕಳ ಗಲಾಟೆ. ಆದುದರಿಂದಲೇ ಗಂಡ ಹೆಂಡತಿ ಇಬ್ಬರೂ ಮಕ್ಕಳನ್ನು ಕರೆದುಕೊಂಡು ಎರಡು ಮೂರು ದಿನ ಊರು ಬಿಟ್ಟು ಬೆಂಗಳೂರಿಗೆ ಹೋಗಿ ಬರುವ ವಿಷಯವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬೆಂಗಳೂರು ನಮಗೇನೂ ಹೊಸ ಊರಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿದ್ದೇವೆ, ಹೈಕೋರ್ಟಿಗೆ ಅಲೆದಿದ್ದೇವೆ, ನೆಂಟರ ಮದುವೆಗೆ ಹೋಗಿ ಉಂಡು ಬಂದಿದ್ದೇವೆ. ಹೆಣ್ಣುಮಕ್ಕಳಂತೂ ಬಸ್ಸಿನಿಂದ ಇಳಿದು ಛತ್ರ ಸೇರಿದವರು, ಛತ್ರದಿಂದ ಎದ್ದು ಮತ್ತೆ ಬಸ್ಸು ಹತ್ತುತ್ತಾರೆ. ನಾಲ್ಕಾರು ಬಾರಿ ಆ ನಗರಕ್ಕೆ ಹೋಗಿ ಬಂದಿದ್ದರೂ ಲಾಲ್‌ಬಾಗಿನ ಹೆಸರನ್ನು ಕೇಳಿ ಮಾತ್ರ ಬಲ್ಲ ತಾಯಂದಿರು ಈ ಸಭೆಯಲ್ಲಿಯೇ ಎಷ್ಟು ಮಂದಿ ಇಲ್ಲ! ಕಷ್ಟಕ್ಕೆ ಹೋದ ಊರು ಕಷ್ಟದ ನೆನಪನ್ನೇ ಕೊಡುತ್ತದೆ. ಮಗುವಿನ ಚಿಕಿತ್ಸೆಗೆಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂರು ರಾತ್ರಿ ಕಳೆದ ತಾಯಿಗೆ ಬೆಂಗಳೂರೆಂದರೆ ಆ ಮೆಟ್ಟಿಲೇ. ಅದೇ ತಾಯಿ ಗುಣವಾದ ಮಗುವಿನ ಕೈಹಿಡಿದು ಒಂದು ಸಂಜೆ ಕಬ್ಬನ್ ಪಾರ್ಕಿನ ಹುಲ್ಲಿನ ಮೇಲೆ ಕುಳಿತು ಬರಬೇಕೆಂಬುದು ದುಂದುಗಾರಿಕೆಯಲ್ಲ. "ಸುಮ್ಮನೆ ನೋಡಿ ಬರಲು ಇಷ್ಟೊಂದು ಖರ್ಚೇ?" ಎಂದು ಮನೆಯ ಹಿರಿಯರು ಕೇಳುವುದು ಸಹಜ. ಅವರಿಗೆ ವಿನಯದಿಂದಲೇ ಹೇಳಿ ಒಪ್ಪಿಸಿರಿ. ಸಾಧ್ಯವಾದರೆ ಅವರನ್ನೂ ಕರೆದೊಯ್ಯಿರಿ.

ಖರ್ಚಿನ ಮಾತು ಬಂದುದರಿಂದ ಅದನ್ನು ಮೊದಲೇ ಮುಗಿಸೋಣ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಂತೆ ನಮ್ಮ ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣ ಮಾಡಬಹುದಾಗಿದೆ. ಬೆಂಗಳೂರಿನ ಒಳಗೆ ಓಡಾಡುವ ಸಾಮಾನ್ಯ ಬಸ್ಸುಗಳಿಗೂ ಇದು ಅನ್ವಯಿಸುತ್ತದೆ. ಗುರುತಿನ ಚೀಟಿ ಕೈಯಲ್ಲಿರಬೇಕು. ಹವಾನಿಯಂತ್ರಿತ ಬಸ್ಸು, ರಾಜಹಂಸ ಮುಂತಾದವುಗಳಿಗೆ ಈ ಸೌಲಭ್ಯವಿಲ್ಲವಾದ್ದರಿಂದ ಹತ್ತುವ ಮುನ್ನ ಕೇಳಿರಿ. ಉಳಿದ ಖರ್ಚನ್ನು ಗಂಡ ಹೆಂಡತಿ ಹೊರಡುವ ಮೊದಲೇ ಒಟ್ಟಿಗೆ ಕುಳಿತು ಲೆಕ್ಕ ಹಾಕಿ, ಇಷ್ಟೆಂದು ತೆಗೆದಿಟ್ಟು, ಅದರಲ್ಲಿ ಒಂದು ಪಾಲನ್ನು ಹೆಂಡತಿಯ ಕೈಯಲ್ಲಿಯೇ ಕೊಟ್ಟಿರುವುದು ಉತ್ತಮ. ಮಗು ಐಸ್‌ಕ್ರೀಮು ಕೇಳಿದಾಗಲೆಲ್ಲ ತಾಯಿ ಗಂಡನ ಮುಖ ನೋಡಬೇಕಾದ ಪ್ರಯಾಣದಲ್ಲಿ ಸಂತೋಷ ಅರ್ಧಕ್ಕಿಳಿಯುತ್ತದೆ. ದಾರಿಯಲ್ಲಿ ಹಣದ ಜಗಳವಾಡುವ ದಂಪತಿಗಳನ್ನು ಪ್ರತಿ ಬಸ್ ನಿಲ್ದಾಣದಲ್ಲಿಯೂ ಕಾಣಬಹುದು.

ಬೆಂಗಳೂರು ತಂಪಿನ ಊರೆಂದು ನಂಬಿ ಹೋಗಬೇಡಿರಿ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ರಾತ್ರಿ ಹೊತ್ತು ತಂಪಾಗುವುದು ನಿಜ. ಆದರೆ 2016ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಬಿಸಿಲು ದಾಖಲಾಯಿತು. ಡಾಂಬರು ರಸ್ತೆ, ಕಾಂಕ್ರೀಟು ಗೋಡೆಗಳ ನಡುವೆ ಅದೇ ಬಿಸಿಲು ನಮ್ಮ ಹೊಲದ ಬಿಸಿಲಿಗಿಂತ ಹೆಚ್ಚು ಬಾಧಿಸುತ್ತದೆ. ಆದುದರಿಂದ ತೋಟ, ಬೆಟ್ಟ, ಪ್ರಾಣಿಗಳನ್ನು ಬೆಳಿಗ್ಗೆ ನೋಡಿ, ನಡು ಹಗಲನ್ನು ಸೂರಿನ ಕೆಳಗೆ ನೋಡುವಂತಹ ಜಾಗಗಳಲ್ಲಿ ಕಳೆದು, ಸಂಜೆ ಮತ್ತೆ ಹೊರಗೆ ಬರುವುದೇ ಸರಿಯಾದ ಕ್ರಮ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಬರುವುದೂ ಉಂಟು. ಆಗ ಮರದ ಕೆಳಗೆ ನಿಲ್ಲದೆ ಕಟ್ಟಡದ ಒಳಗೆ ಸೇರಿಕೊಳ್ಳಿರಿ.

ಬೆಳಗಿನ ಹೊತ್ತಿಗೆ ಲಾಲ್‌ಬಾಗಿಗಿಂತ ಮೇಲಾದ ಜಾಗ ಇನ್ನೊಂದಿಲ್ಲ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನನು ಬೆಳೆಸಿದ ಈ ತೋಟವು ಇಂದು ಸುಮಾರು 240 ಎಕರೆಯಷ್ಟಿದೆ. ಎರಡೂವರೆ ಶತಮಾನಗಳ ಕಾಲ ಒಂದೇ ಜಾಗದಲ್ಲಿ ದೇಶ ವಿದೇಶಗಳ ಮರಗಳನ್ನು ತಂದು ನೆಟ್ಟು ಪೋಷಿಸಿದುದರ ಫಲವನ್ನು ರೈತರಾದ ನೀವು ನಗರದವರಿಗಿಂತ ಚೆನ್ನಾಗಿ ಅಳೆಯಬಲ್ಲಿರಿ. ಹಳೆಯ ಬೂರುಗದ ಮರದ ಬುಡವನ್ನು ನೋಡಿರಿ. ಅದರ ಬೇರುಗಳು ಗೋಡೆಯಂತೆ ಎದ್ದು ನಿಂತಿವೆ. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯದು. ಪ್ರಸಿದ್ಧವಾದ ಫಲಪುಷ್ಪ ಪ್ರದರ್ಶನಗಳು ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡೆಯುವುದರಿಂದ ಬೇಸಿಗೆಯಲ್ಲಿ ಅದರೊಳಗೆ ಹೂವಿನ ರಾಶಿ ಕಾಣುವುದಿಲ್ಲ. ಜನಸಂದಣಿಯಿಲ್ಲದೆ ನೋಡುವುದೇ ನನ್ನ ದೃಷ್ಟಿಯಲ್ಲಿ ಲೇಸು.

ತೋಟದೊಳಗಿನ ಬಂಡೆಯನ್ನು ಮರೆಯದೆ ಹತ್ತಿರಿ. ನಮ್ಮ ಊರ ಸುತ್ತಲಿನ ಬಂಡೆಗಳಂತೆಯೇ ಕಾಣುವ ಅದರ ವಯಸ್ಸು ಸುಮಾರು 300 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ನಿರ್ಧರಿಸಿದ್ದಾರೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವಿದೆ. ಬಿಸಿಲೇರುವ ಮೊದಲು, ಎಂದರೆ ಎಂಟು ಗಂಟೆಯೊಳಗೆ ಹತ್ತಿ ಇಳಿದರೆ ಮಕ್ಕಳ ಪಾದ ಸುಡುವುದಿಲ್ಲ. ಮಾವಿನ ಕಾಲದಲ್ಲಿ ಲಾಲ್‌ಬಾಗಿನಲ್ಲಿ ಮಾವಿನ ಮೇಳ ನಡೆಯುವ ವರ್ಷಗಳುಂಟು. ಬಾದಾಮಿ, ರಸಪುರಿ, ಮಲ್ಲಿಕಾ, ಸೇಂದೂರ ಮುಂತಾದ ತಳಿಗಳನ್ನು ಬೆಳೆಗಾರರೇ ತಂದು ಮಾರುತ್ತಾರೆ. ತೋಪಿರುವವರು ಅಲ್ಲಿ ಮಾತನಾಡಿಸಿ ವಿಚಾರಿಸಿದರೆ ತಿಂದ ಹಣ್ಣಿಗಿಂತ ಹೆಚ್ಚಿನ ಲಾಭವಾದೀತು.

ಲಾಲ್‌ಬಾಗಿನಿಂದ ಮೆಟ್ರೋ ರೈಲಿನಲ್ಲಿ ಹೊರಡಬಹುದು. ತೋಟದ ಹೆಸರಿನ ನಿಲ್ದಾಣವೇ ಹಸಿರು ಮಾರ್ಗದಲ್ಲಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲು ಓಡಿದ ಈ ರೈಲು ಈಗ ನಗರದ ನಾಲ್ಕು ದಿಕ್ಕಿಗೂ ಹಬ್ಬಿದೆ. ಹಸಿರು ಮತ್ತು ನೇರಳೆ ಮಾರ್ಗಗಳು ಮೆಜೆಸ್ಟಿಕ್ಕಿನ ನಾಡಪ್ರಭು ಕೆಂಪೇಗೌಡ ನಿಲ್ದಾಣದಲ್ಲಿ ನೆಲದ ಕೆಳಗೆ ಕೂಡುತ್ತವೆ. ಮಕ್ಕಳಿಗೆ ಇದೇ ಒಂದು ಜಾತ್ರೆ. ಮೂರು ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ಟಿಲ್ಲ. ಚಲಿಸುವ ಮೆಟ್ಟಿಲಿನ ಮೇಲೆ ಕಾಲಿಡುವಾಗ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಹಿಡಿದು, ಮಗುವನ್ನು ಎತ್ತಿಕೊಳ್ಳಿರಿ. ಭಯವೆನಿಸಿದರೆ ನಾಚದೆ ಪಕ್ಕದ ಸಾಮಾನ್ಯ ಮೆಟ್ಟಿಲನ್ನೋ ಲಿಫ್ಟನ್ನೋ ಬಳಸಿರಿ. ರೈಲು ನಿಂತು ಬಾಗಿಲು ತೆರೆದಿರುವುದು ಕೆಲವೇ ಕ್ಷಣ. ಮಕ್ಕಳನ್ನು ಮುಂದೆ ಬಿಟ್ಟು ಹಿರಿಯರು ಹಿಂದೆ ಹತ್ತಬೇಕು.

ನಡು ಹಗಲಿಗೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಮುದ್ದೇನಹಳ್ಳಿಯೆಂಬ ಸಣ್ಣ ಗ್ರಾಮದಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡ ವರ್ಷವೇ, 1962ರ ಜುಲೈ ತಿಂಗಳಲ್ಲಿ, ಪ್ರಧಾನಿ ನೆಹರೂ ಅವರು ಈ ಕಟ್ಟಡವನ್ನು ಉದ್ಘಾಟಿಸಿದರು. ಬೇರೆ ಸಂಗ್ರಹಾಲಯಗಳಲ್ಲಿ ಮುಟ್ಟಬೇಡಿರೆಂದು ಬರೆದಿದ್ದರೆ ಇಲ್ಲಿ ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡಬೇಕಾದ ಯಂತ್ರಗಳೇ ಹಲವು. 1903ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿಯೂ ಇದೆ. ಪಂಪ್‌ಸೆಟ್ಟಿನ ಮೋಟಾರು ತಿರುಗುವುದನ್ನು ದಿನವೂ ನೋಡುವ ಹುಡುಗನಿಗೆ ಅದು ಏಕೆ ತಿರುಗುತ್ತದೆಂಬ ಪ್ರಶ್ನೆ ಹುಟ್ಟುವುದು ಇಂತಹ ಜಾಗದಲ್ಲಿ. ಹುಡುಗಿಯರನ್ನೂ ಯಂತ್ರದ ಮುಂದೆ ನಿಲ್ಲಿಸಿರಿ, ಹಿಂದೆ ನಿಂತು ನೋಡುವಂತೆ ಬಿಡಬೇಡಿರಿ.

ಅದೇ ರೀತಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ತಾರಾಲಯ. ಕತ್ತಲೆಯ ಗುಮ್ಮಟದೊಳಗೆ ಒರಗಿ ಕುಳಿತು ಆಕಾಶವನ್ನು ನೋಡುವ ಏರ್ಪಾಡು. ಕನ್ನಡದಲ್ಲಿಯೂ ಪ್ರದರ್ಶನಗಳಿವೆ, ಹೊತ್ತನ್ನು ಕೇಳಿಕೊಂಡು ಹೋಗಬೇಕು. ಸೋಮವಾರ ರಜೆ. "ಆಕಾಶ ನಮ್ಮ ಊರಲ್ಲೇ ಇದೆಯಲ್ಲ" ಎನ್ನುವಿರಿ. ಇದೆ, ನಗರದವರಿಗಿಂತ ಹತ್ತು ಪಾಲು ನಿಚ್ಚಳವಾಗಿಯೇ ಇದೆ. ಆದರೆ ಒಂದು ಮಾತು ಕೇಳಿರಿ. ನಾವು ಭರಣಿ ಮಳೆಯೆಂದು ಕರೆಯುವುದು ಸೂರ್ಯನು ಭರಣಿ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಬೀಳುವ ಮಳೆಯನ್ನು. ಆ ದಿನಗಳಲ್ಲಿ ಭರಣಿ ನಕ್ಷತ್ರವು ಸೂರ್ಯನ ಜೊತೆಯಲ್ಲಿಯೇ ಹುಟ್ಟಿ ಮುಳುಗುವುದರಿಂದ ನಮ್ಮ ಕಣ್ಣಿಗೆ ಕಾಣಿಸುವುದೇ ಇಲ್ಲ. ಯಾವ ನಕ್ಷತ್ರದ ಹೆಸರಿನಲ್ಲಿ ಬಿತ್ತನೆ ಮಾಡುತ್ತೇವೆಯೋ ಅದು ಆಗ ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ತಾರಾಲಯದ ಗುಮ್ಮಟದಲ್ಲಿ ನಕ್ಷತ್ರಗಳು ಹೀಗೆ ಹುಟ್ಟಿ ಮುಳುಗುವುದನ್ನು ಕಂಡ ಮಗುವಿಗೆ ಅಜ್ಜ ಹೇಳುವ ಮಳೆಯ ಲೆಕ್ಕವೂ ಅರ್ಥವಾಗುತ್ತದೆ.

ಬನ್ನೇರುಘಟ್ಟಕ್ಕೆ ಒಂದು ದಿನವನ್ನೇ ಮೀಸಲಿಡಬೇಕು. ನಗರದ ನಡುವಿನಿಂದ ಸುಮಾರು 22 ಕಿಲೋಮೀಟರು. ಮೆಜೆಸ್ಟಿಕ್ಕಿನಿಂದ 365ನೆಯ ಸಂಖ್ಯೆಯ ಬಸ್ಸುಗಳು ಹೋಗುತ್ತವೆ. ಮಂಗಳವಾರ ರಜೆಯೆಂಬುದನ್ನು ಅರಿಯದೆ ಬಾಗಿಲವರೆಗೆ ಹೋಗಿ ಮಕ್ಕಳನ್ನು ಅಳಿಸುವವರು ಬಹಳ. ಜಾಲರಿ ಹಾಕಿದ ವಾಹನದಲ್ಲಿ ಕುಳಿತು ಹುಲಿ, ಸಿಂಹ, ಕರಡಿಗಳನ್ನು ನೋಡಬಹುದು. 2006ರಲ್ಲಿ ತೆರೆದ ಚಿಟ್ಟೆಗಳ ಉದ್ಯಾನವೂ ಅಲ್ಲಿದೆ. ಇಡೀ ಪ್ರವಾಸದಲ್ಲಿ ಹೆಚ್ಚು ಹಣ ತಗಲುವುದು ಇಲ್ಲಿಯೇ ಆದ್ದರಿಂದ ಮನೆಯಲ್ಲಿಯೇ ನಿರ್ಧರಿಸಿ ಹೊರಡಿರಿ. ಮಧ್ಯಾಹ್ನದ ಬಿಸಿಲಿಗೆ ಪ್ರಾಣಿಗಳು ನೆರಳು ಸೇರಿ ಮಲಗುವುದರಿಂದ ಬಾಗಿಲು ತೆರೆಯುವ ಹೊತ್ತಿಗೇ ತಲುಪುವುದು ಒಳ್ಳೆಯದು.

ಸಂಜೆಗೆ ಕಬ್ಬನ್ ಪಾರ್ಕು. 1870ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರು ರೂಪಿಸಿದ ಈ ಉದ್ಯಾನಕ್ಕೆ ಚಾಮರಾಜೇಂದ್ರ ಉದ್ಯಾನವೆಂದೂ ಹೆಸರು. ಪ್ರವೇಶಕ್ಕೆ ಹಣವಿಲ್ಲ. ಬೇಸಿಗೆಯಲ್ಲಿ ಇಲ್ಲಿಯ ಗುಲ್‌ಮೊಹರ್ ಮರಗಳು ಎಲೆ ಕಾಣದಂತೆ ಕೆಂಪಾಗಿ ಹೂಬಿಡುತ್ತವೆ. ಮಕ್ಕಳಿಗೆ ಬಾಲಭವನವಿದೆ. ಕೆಂಪು ಬಣ್ಣದ ಗ್ರಂಥಾಲಯದ ಕಟ್ಟಡ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ. ಉದ್ಯಾನದ ಅಂಚಿನಲ್ಲಿ ಕೆಂಪಗೆ ನಿಂತಿರುವುದು ಅಠಾರಾ ಕಚೇರಿ, ಎಂದರೆ ಹೈಕೋರ್ಟು. ಅದರ ಎದುರಿಗೇ ವಿಧಾನಸೌಧ. 1951ರಲ್ಲಿ ಅಡಿಗಲ್ಲಿಟ್ಟು, ಕೆಂಗಲ್ ಹನುಮಂತಯ್ಯನವರ ಆಸ್ಥೆಯಿಂದ 1956ರಲ್ಲಿ ಮುಗಿದ ಈ ಕಲ್ಲಿನ ಕಟ್ಟಡಕ್ಕೆ ಭಾನುವಾರದ ಸಂಜೆ ದೀಪಾಲಂಕಾರವಿರುತ್ತದೆ. ಮುಂಭಾಗದಲ್ಲಿ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆದಿದೆ, ಮಕ್ಕಳಿಂದ ಓದಿಸಿರಿ. ಓದಿದ ಮೇಲೆ ಅವರು ಕೇಳುವ ಪ್ರಶ್ನೆಗೆ ಉತ್ತರವನ್ನು, ಸರ್ಕಾರಿ ನೌಕರನಾದ ನಾನು, ನಿಮಗೇ ಬಿಡುತ್ತೇನೆ.

ಇದೇ ಉದ್ಯಾನದಲ್ಲಿ ಇನ್ನೊಂದು ಸಲಹೆ. ಅತ್ತೆಯವರೋ ಸೋದರಮಾವನವರೋ ಜೊತೆಗೆ ಬಂದಿದ್ದರೆ ಮಕ್ಕಳನ್ನು ಒಂದು ಗಂಟೆ ಅವರಿಗೆ ಒಪ್ಪಿಸಿ, ಗಂಡ ಹೆಂಡತಿ ಇಬ್ಬರೇ ಒಂದು ಸುತ್ತು ಹೋಗಿ ಬನ್ನಿರಿ. ಇದರಲ್ಲಿ ನಗುವಂತಹುದೇನೂ ಇಲ್ಲ. ಕೂಡಿದ ಮನೆಯಲ್ಲಿ ಹಗಲೆಲ್ಲ ಹೊಲದ ಕೆಲಸ, ರಾತ್ರಿ ಮಕ್ಕಳ ನಡುವೆ ನಿದ್ದೆ. ತಮ್ಮ ಸಾಲದ ಬಗ್ಗೆ, ಮಗಳ ಓದಿನ ಬಗ್ಗೆ, ತಮ್ಮ ತಮ್ಮ ದೇಹಸ್ಥಿತಿಯ ಬಗ್ಗೆ ಇಬ್ಬರೇ ಕುಳಿತು ಮಾತನಾಡಲು ಊರಿನಲ್ಲಿ ಜಾಗವೆಲ್ಲಿದೆ? ಯಾರೂ ಗುರುತು ಹಿಡಿಯದ ಊರಿನಲ್ಲಿ ಆ ಮಾತುಗಳು ಸುಲಭವಾಗಿ ಬಾಯಿಗೆ ಬರುತ್ತವೆ.

ಹೋಗುವ ದಿನ ಚೈತ್ರ ಮಾಸದ ಹಬ್ಬಗಳಿಗೆ ಹೊಂದಿಕೊಂಡರೆ ಇನ್ನೂ ಸೊಗಸು. ರಾಮನವಮಿಯಂದು ಬೀದಿ ಬೀದಿಗಳಲ್ಲಿ ಪಾನಕ, ಕೋಸಂಬರಿ, ಮಜ್ಜಿಗೆ ಹಂಚುತ್ತಾರೆ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ತಿಗಳ ಜನಾಂಗದವರ ಕರಗ ಹೊರಡುತ್ತದೆ. ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವುದು ಅದರ ವಾಡಿಕೆ. ಮಧ್ಯರಾತ್ರಿ ಮೀರಿದ ಮೇಲೆ ನಡೆಯುವ ಈ ಉತ್ಸವದ ನೂಕುನುಗ್ಗಲಿಗೆ ಎಳೆಯ ಮಕ್ಕಳನ್ನು ಒಯ್ಯಬೇಡಿರಿ. ಮಾರುಕಟ್ಟೆಯ ಬಳಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯಿದೆ. ತೇಗದ ಕಂಬಗಳ ನೆರಳಿನಲ್ಲಿ ಅರ್ಧ ಗಂಟೆ ಕುಳಿತರೆ ಹಿಂದಿನವರು ಸೆಕೆಗೆ ಮಾಡಿಕೊಂಡಿದ್ದ ಉಪಾಯ ತಿಳಿಯುತ್ತದೆ. ದೊಡ್ಡ ದೊಡ್ಡ ಮಾಲುಗಳ ವಿಷಯ ಹೇಳುವುದೇನಿದೆ! ತಂಪಾಗಿವೆ, ಹೊಳೆಯುತ್ತವೆ, ಕೊಳ್ಳದೆ ಹೊರಬರಲು ಮನಸ್ಸು ಗಟ್ಟಿಯಿರಬೇಕು.

ಇನ್ನು ನೀರಿನ ವಿಷಯ. ನೆಂಟರ ಮನೆಯಲ್ಲಿ ಇಳಿದುಕೊಳ್ಳುವವರು ಇದನ್ನು ಮನಸ್ಸಿನಲ್ಲಿಡಬೇಕು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರು ದೂರದಿಂದ, ಪಂಪುಗಳಿಂದ ಮೇಲಕ್ಕೆತ್ತಿ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಅನೇಕ ಬಡಾವಣೆಗಳು ಟ್ಯಾಂಕರನ್ನೇ ನಂಬಬೇಕಾಯಿತು. ಅಂತಹ ಮನೆಯಲ್ಲಿ ನಾಲ್ಕು ಜನ ಹೆಚ್ಚಾಗಿ ಸ್ನಾನ ಮಾಡಿದರೆ ಆ ಮನೆಯ ಗೃಹಿಣಿಯ ಪಾಡೇನು? ಒಂದೊಂದು ಬಕೆಟ್ಟಿನಲ್ಲಿ ಮುಗಿಸಿರಿ, ಬಟ್ಟೆಯ ಗಂಟನ್ನು ಊರಿಗೆ ತಂದು ಒಗೆಯಿರಿ. ಹೋಗುವಾಗ ರಾಗಿ ಹಿಟ್ಟು, ಹುರುಳಿ, ತುಪ್ಪ ಕೊಂಡೊಯ್ಯುವುದು ನಮ್ಮ ಪದ್ಧತಿಯೇ ಆಗಿದೆ. ಎರಡು ರಾತ್ರಿಗಿಂತ ಹೆಚ್ಚು ಉಳಿಯದಿರುವುದು ಅದಕ್ಕಿಂತ ದೊಡ್ಡ ಉಡುಗೊರೆ.

ಹೆಣ್ಣುಮಕ್ಕಳು ಪ್ರಯಾಣದಲ್ಲಿ ನೀರನ್ನೇ ಕುಡಿಯುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು, ಹೇಳುವವರು ಮಾತ್ರ ಇಲ್ಲ. ಶೌಚಾಲಯ ಎಲ್ಲಿದೆಯೆಂದು ಅಪರಿಚಿತರನ್ನು ಕೇಳಲು ಸಂಕೋಚ. ಕೇಳಿದರೆ ಗಂಡ ಸಿಡುಕುತ್ತಾನೆಂಬ ಅಂಜಿಕೆ. ಹೀಗೆ ದಿನವಿಡೀ ಬಾಯಾರಿಕೆಯನ್ನೂ ಮೂತ್ರವನ್ನೂ ತಡೆದುಕೊಂಡವರು ಊರಿಗೆ ಬಂದ ಮೇಲೆ ಉರಿಮೂತ್ರ, ಕಿಬ್ಬೊಟ್ಟೆಯ ನೋವು ಎಂದು ನಮ್ಮ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ. ಯಜಮಾನರೇ, ಹೊಸ ಜಾಗ ತಲುಪಿದೊಡನೆ ಟಿಕೆಟ್ಟು ಎಲ್ಲಿ ಎಂದು ಕೇಳುವ ಮೊದಲು ಶೌಚಾಲಯ ಎಲ್ಲಿದೆ ಎಂದು ನೀವೇ ಕೇಳಿ ತಿಳಿದು, ಮಡದಿಗೂ ಹೆಣ್ಣುಮಕ್ಕಳಿಗೂ ತೋರಿಸಿರಿ. ಮೆಟ್ರೋ ನಿಲ್ದಾಣಗಳಲ್ಲಿ, ಬಸ್ ನಿಲ್ದಾಣಗಳಲ್ಲಿ, ದೊಡ್ಡ ಉದ್ಯಾನಗಳಲ್ಲಿ ಇದರ ಸೌಕರ್ಯವಿದೆ.

ಕಾಯಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ. ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣಿನ ಬದಲು ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ, ಕಣ್ಣೆದುರಿಗೇ ಕೆತ್ತಿಕೊಡುವ ಎಳನೀರು ಮೇಲು. ಮಗುವಿಗೆ ಭೇದಿಯಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಓಆರ್‌ಎಸ್ ಪೊಟ್ಟಣವಿದ್ದರೆ ಇನ್ನೂ ಉತ್ತಮ. ಆರು ತಿಂಗಳು ತುಂಬದ ಕೂಸಿಗೆ ಎಂತಹ ಬಿಸಿಲಿನಲ್ಲಿಯೂ ತಾಯಿಯ ಹಾಲೇ ಸಾಕು, ಬೇರೆ ನೀರು ಬೇಡ. ಬಿಸಿಲಿನಲ್ಲಿ ಯಾರಾದರೂ ಮೈ ಸುಡುತ್ತಾ, ಮಾತು ತೊದಲಿ ಮಂಕಾದರೆ ಕೂಡಲೇ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ ಗಾಳಿ ಬೀಸುತ್ತಾ 108ಕ್ಕೆ ಫೋನು ಮಾಡಿರಿ.

ಮಕ್ಕಳು ಗುಂಪಿನಲ್ಲಿ ತಪ್ಪಿಸಿಕೊಳ್ಳುವುದು ಒಂದು ಕ್ಷಣದ ಮಾತು. ತಂದೆಯ ಹೆಸರು, ಊರು, ಫೋನಿನ ಸಂಖ್ಯೆ ಬರೆದ ಚೀಟಿಯನ್ನು ಪ್ರತಿ ಮಗುವಿನ ಜೇಬಿನಲ್ಲಿಟ್ಟು ಪಿನ್ನು ಹಾಕಿರಿ. ತಪ್ಪಿಸಿಕೊಂಡರೆ ಅಲೆಯದೆ ನಿಂತಲ್ಲಿಯೇ ನಿಲ್ಲಬೇಕೆಂದೂ, ಸಮವಸ್ತ್ರದಲ್ಲಿರುವವರಿಗೆ ಚೀಟಿ ತೋರಿಸಬೇಕೆಂದೂ ಹೇಳಿಕೊಡಿರಿ. ಪೊಲೀಸರಿಗೆ 112, ಮಕ್ಕಳ ಸಹಾಯವಾಣಿಗೆ 1098. ಇದನ್ನು ಮನೆಯಲ್ಲಿಯೇ ಎರಡು ಬಾರಿ ಆಟದಂತೆ ಅಭ್ಯಾಸ ಮಾಡಿಸಿದರೆ ಮಗು ಹೆದರುವುದಿಲ್ಲ.

ಹಿಂದಿರುಗುವ ದಿನ ಹೊತ್ತಿದ್ದರೆ ಲಾಲ್‌ಬಾಗಿನೊಳಗಿನ ಸಸಿಗಳ ಮಾರಾಟದ ಜಾಗಕ್ಕೆ ಹೋಗಿರಿ. ಬೊಂಬೆ, ಬಲೂನುಗಳು ಬಸ್ಸಿನಲ್ಲಿಯೇ ಮುರಿಯುತ್ತವೆ, ಒಡೆಯುತ್ತವೆ. ಮಗುವಿಗೊಂದರಂತೆ ಸೀಬೆಯೋ ಸಪೋಟವೋ ನಿಂಬೆಯೋ ಒಂದು ಕಸಿ ಗಿಡ, ಮಡದಿಗೆ ಅವಳು ಆರಿಸಿದ ಮಲ್ಲಿಗೆಯ ಬಳ್ಳಿ ಕೊಳ್ಳಬಹುದು. ಬೇರಿನ ಮಣ್ಣು ಉದುರದಂತೆ ಒದ್ದೆ ಗೋಣಿಚೀಲ ಸುತ್ತಿ, ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿ ತನ್ನಿರಿ. ಮನೆಗೆ ಬಂದೊಡನೆ ನೆಡಬೇಡಿರಿ. ನಾಲ್ಕು ದಿನ ಹಿತ್ತಿಲ ನೆರಳಿನಲ್ಲಿಟ್ಟು ಸಂಜೆ ಸಂಜೆ ನೀರು ಚಿಮುಕಿಸುತ್ತಿದ್ದು, ಮೊದಲನೆಯ ಒಳ್ಳೆಯ ಮಳೆ ಬಿದ್ದ ಮಾರನೆಯ ದಿನ ಗುಂಡಿಗೆ ಕೊಟ್ಟಿಗೆ ಗೊಬ್ಬರ ತುಂಬಿ ನೆಡಿರಿ.